ಮಂಡಿಯ ಕೆಲಸ ಮೊದಲು
ಅರವತ್ತರ ಆಸುಪಾಸಿನವರಿಗೆ ಒಂದು ಬಹಿರಂಗ ಪತ್ರ

ಅರವತ್ತು ದಾಟಿದ, ಇನ್ನೇನು ದಾಟಲಿರುವ ನನ್ನ ಓರಗೆಯ ಅಕ್ಕಂದಿರೇ, ಅಣ್ಣಂದಿರೇ,



ನಿಮ್ಮೆಲ್ಲರನ್ನೂ ಒಂದು ಮಾತು ಕೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆಮೇಲೆ ಮಾಡೋಣ ಎಂದು ಎತ್ತಿಟ್ಟ ಆಸೆಗಳು ಪ್ರತಿಯೊಬ್ಬರ ಬಳಿಯೂ ಒಂದಷ್ಟು ಇವೆ. ಅವನ್ನು ಎಂದಾದರೂ ಕಾಗದದ ಮೇಲೆ ಬರೆದು ನೋಡಿದ್ದೀರಾ? ಮಗಳ ಮದುವೆಯೊಂದು ಆಗಿಬಿಡಲಿ ಅಂದಿರಿ, ಆಯಿತು. ಮನೆ ಸಾಲ ತೀರಲಿ ಅಂದಿರಿ, ಅದೂ ತೀರಿತು. ರಿಟೈರ್ ಆಗಲಿ ಅಂದಿರಿ. ಹಾರ ಹಾಕಿ, ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟರು. ಈಗ ಮೊಮ್ಮಗ ಯುಕೆಜಿ ದಾಟಲಿ ಅನ್ನುತ್ತಿದ್ದೀರಿ. ಅವನು ದಾಟುತ್ತಾನೆ, ಅನುಮಾನ ಬೇಡ. ಅಷ್ಟರಲ್ಲಿ ನಿಮ್ಮ ಮಂಡಿ ಎಲ್ಲಿರುತ್ತದೆ ಎಂಬುದಷ್ಟೇ ನನ್ನ ಚಿಂತೆ.

ಎತ್ತಿಟ್ಟ ಆಸೆಗಳ ಇಂಥ ಪಟ್ಟಿಗೆ ಈಗಿನ ಹುಡುಗರು ಬಕೆಟ್ ಲಿಸ್ಟ್ ಅನ್ನುತ್ತಾರೆ. 2007ರಲ್ಲಿ ಅದೇ ಹೆಸರಿನ ಹಾಲಿವುಡ್ ಸಿನಿಮಾ ಬಂದ ಮೇಲೆ ಈ ಮಾತು ಊರೂರಿಗೂ ಹಬ್ಬಿತು. ಸಾವು ಹತ್ತಿರವಾದ ಇಬ್ಬರು ಮುದುಕರು ಆಸ್ಪತ್ರೆಯಿಂದ ಎದ್ದು ಹೊರಟು, ವಿಮಾನದಿಂದ ಜಿಗಿದು, ಪಿರಮಿಡ್ಡು, ತಾಜಮಹಲು ಎಲ್ಲ ನೋಡುತ್ತಾರೆ. ಸಿನಿಮಾ ಚೆನ್ನಾಗಿಯೇ ಇದೆ. ಆದರೆ ಇಬ್ಬರಲ್ಲಿ ಒಬ್ಬ ಕೋಟ್ಯಧೀಶ, ಮನೆಯ ವಿಮಾನ ಇಟ್ಟುಕೊಂಡವನು. ನಮ್ಮಂಥವರಿಗೆ ಅದರಿಂದ ಆದ ಉಪಕಾರ ಕಡಿಮೆ, ತೊಂದರೆಯೇ ಹೆಚ್ಚು. ಪಟ್ಟಿ ಎಂದರೆ ಸ್ವಿಟ್ಜರ್ಲೆಂಡೇ ಇರಬೇಕು, ಇಲ್ಲದಿದ್ದರೆ ಅದು ಪಟ್ಟಿಯೇ ಅಲ್ಲ ಎಂಬ ಭ್ರಮೆ ಬಂದುಬಿಟ್ಟಿದೆ. ಟೂರ್ ಕಂಪನಿಯ ಬ್ರೋಷರು ನೋಡಿ ಆಸೆಪಡುವುದನ್ನು ಮೊದಲು ಬಿಡೋಣ. ನಿಮ್ಮ ಆಸೆ ಏನೆಂದು ಆ ಕಂಪನಿಗೆ ಹೇಗೆ ಗೊತ್ತಾಗಬೇಕು?

ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಇಷ್ಟೇ: ಪಟ್ಟಿ ಮಾಡಿ, ಆದರೆ ದೊಡ್ಡ ಆಸೆ ಮೊದಲು, ಸಣ್ಣದು ಆಮೇಲೆ ಎಂಬ ಕ್ರಮದಲ್ಲಿ ಬೇಡ. ದುಡ್ಡಿನ ಕ್ರಮದಲ್ಲೂ ಬೇಡ. ದೇಹದ ಕ್ರಮದಲ್ಲಿ ಮಾಡಿ. ಮಂಡಿ ಬೇಡುವ ಕೆಲಸ ಮೊದಲು, ಕಣ್ಣು ಬೇಡುವುದು ಆಮೇಲೆ, ಕಿವಿ ಬೇಡುವುದು ಕೊನೆಗೆ. ಕೂತು ಮಾಡುವುದನ್ನು ಎಂಬತ್ತಕ್ಕೂ ಇಟ್ಟುಕೊಳ್ಳಬಹುದು. ಹತ್ತಿ ಇಳಿಯುವುದನ್ನು ಇಟ್ಟುಕೊಳ್ಳಲು ಆಗುವುದಿಲ್ಲ.

ನಮ್ಮ ಬೀದಿಯಲ್ಲೇ ಒಬ್ಬರಿದ್ದರು. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇತಿಹಾಸ ಎಂದರೆ ಪ್ರಾಣ. ವಿಜಯನಗರದ ಅರಸರ ಹೆಸರು ಹೇಳಲು ಶುರು ಮಾಡಿದರೆ ಕಾಫಿ ಆರಿಹೋಗುತ್ತಿತ್ತು. ಹಂಪಿಯಲ್ಲಿ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯ ನೋಡಬೇಕು ಎಂಬುದು ಅವರ ಬಹಳ ಹಳೆಯ ಆಸೆ. ಕೊನೆಗೊಮ್ಮೆ ಮಕ್ಕಳು ಹವಾನಿಯಂತ್ರಿತ ಕಾರಿನಲ್ಲಿ ಕರೆದುಕೊಂಡು ಹೋದರು, ಒಳ್ಳೆಯ ಹೋಟೆಲಿನಲ್ಲಿ ಇಳಿಸಿದರು. ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ಬ್ಯಾಟರಿ ಗಾಡಿ ಇದೆ, ಅಲ್ಲಿಯವರೆಗೆ ಹೋಗಿಬಂದರು. ಮಾತಂಗ ಬೆಟ್ಟಕ್ಕೆ ಗಾಡಿ ಇಲ್ಲ. ಕೆಳಗೆ ನಿಂತು ಮೇಲೆ ನೋಡಿ, "ಹತ್ತಿದವರು ಇಳಿದು ಬರುವವರೆಗೆ ನಾನು ಚಪ್ಪಲಿ ಕಾಯುತ್ತೇನೆ" ಎಂದು ಮೊಮ್ಮಕ್ಕಳಿಗೆ ಹೇಳಿದರಂತೆ. ಊರಿಗೆ ಬಂದು ನಮಗೆ ಅದನ್ನು ನಗುನಗುತ್ತಲೇ ಹೇಳಿದರು. ದುಡ್ಡಿತ್ತು, ಮಕ್ಕಳಿಗೆ ಪ್ರೀತಿಯೂ ಇತ್ತು. ಹೋದದ್ದು ಒಂದು ಹತ್ತು ವರ್ಷ ತಡವಾಗಿ, ಅಷ್ಟೇ.

ಕೆಲವು ಬಾಗಿಲುಗಳಿಗೆ ತಾರೀಖು ಇರುತ್ತದೆ ಎಂಬುದನ್ನೂ ನಾವು ಮರೆಯುತ್ತೇವೆ. ಕೈಲಾಸ–ಮಾನಸ ಸರೋವರ ಎಂದರೆ ನಮ್ಮಲ್ಲಿ ಅನೇಕರಿಗೆ ಜನ್ಮದ ಆಸೆ. ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಗೆ ಆ ವರ್ಷದ ಜನವರಿ 1ಕ್ಕೆ 70 ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ. ಎತ್ತರಕ್ಕೆ ತಕ್ಕ ತೂಕವೂ ಇರಬೇಕು, ವೈದ್ಯಕೀಯ ಪರೀಕ್ಷೆಯೂ ಕಟ್ಟುನಿಟ್ಟು. ಪರಿಕ್ರಮದಲ್ಲಿ ದಾಟಬೇಕಾದ ಡೋಲ್ಮಾ ಲಾ ಕಣಿವೆ 18,000 ಅಡಿಗೂ ಮೇಲಿದೆ, ಆದ್ದರಿಂದ ನಿಯಮವನ್ನು ದೂರುವಂತಿಲ್ಲ. 2020ರಿಂದ ನಿಂತುಹೋಗಿದ್ದ ಆ ಯಾತ್ರೆ ಮತ್ತೆ ಶುರುವಾದದ್ದು 2025ರಲ್ಲಿ. ಲೆಕ್ಕ ಹಾಕಿ ನೋಡಿ: 2019ರಲ್ಲಿ 66 ವರ್ಷದವರೊಬ್ಬರು ಮುಂದಿನ ವರ್ಷ ಹೋಗೋಣ ಎಂದಿದ್ದರೆ, ಬಾಗಿಲು ತೆರೆಯುವ ಹೊತ್ತಿಗೆ ಅವರಿಗೆ 72. ಅಮರನಾಥಕ್ಕೂ 70ರ ಗಡಿಯೇ, ಆರೋಗ್ಯ ಪ್ರಮಾಣಪತ್ರವಂತೂ ಬೇಕೇ ಬೇಕು.

ಇನ್ನು ಹನ್ನೆರಡು ವರ್ಷಕ್ಕೊಮ್ಮೆ ಬರುವಂಥವು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2018ರಲ್ಲಾಯಿತು. ಮುನ್ನಾರಿನ ನೀಲಕುರಿಂಜಿ ಬೆಟ್ಟ ತುಂಬಾ ಅರಳಿದ್ದೂ ಅದೇ ವರ್ಷ. ಎರಡರ ಸರದಿಯೂ ಮತ್ತೆ 2030ಕ್ಕೆ. ಕಳೆದ ಸಲ "ಜನಜಂಗುಳಿ, ಮುಂದಿನ ಸಲ ನೋಡೋಣ" ಎಂದವರು ನಮ್ಮಲ್ಲಿ ಎಷ್ಟು ಮಂದಿಯೋ! ಮುಂದಿನ ಸಲ ಹತ್ತಿರವೇ ಬಂತು. ಅದರ ಮುಂದಿನದು 2042, ಆ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಅಭಿಷೇಕಕ್ಕೆ ಕಾಯಲೇಬೇಕೆಂದೂ ಇಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡೆದ ಸುಮಾರು 650 ಮೆಟ್ಟಿಲು. ಬರಿಗಾಲಲ್ಲಿ ಹತ್ತಬೇಕು. ನಾನು ಹತ್ತಿದ್ದು ಅರವತ್ತು ದಾಟಿದ ಮೇಲೆ, ಆದ್ದರಿಂದ ಅನುಭವದ ಮಾತು ಹೇಳುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಕೆಳಗಿರಿ. ಹತ್ತು ಗಂಟೆಯ ಮೇಲೆ ಬಂಡೆ ಕಾದು ಅಂಗಾಲು ಇಡಗೊಡುವುದಿಲ್ಲ. ಬ್ಯಾಗಿನಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಪಕ್ಕದ ಕಂಬಿ ಹಿಡಿದುಕೊಳ್ಳಲು ನಾಚಿಕೆ ಬೇಡ. ನಿಂತು ನಿಂತು ಹತ್ತಿ, ನಿಂತಾಗ ತಿರುಗಿ ನೋಡಿ: ಕೆಳಗೆ ಕಲ್ಯಾಣಿ, ಎದುರಿಗೆ ಚಂದ್ರಗಿರಿ. ಹತ್ತುವಾಗ ಮೂರ್ತಿ ಪೂರ್ತಿ ಕಾಣುವುದಿಲ್ಲ, ಬಾಗಿಲ ಮೇಲೆ ಬಾಗಿಲು ದಾಟಿ ಒಳ ಅಂಗಳಕ್ಕೆ ಕಾಲಿಟ್ಟಾಗ ಒಮ್ಮೆಲೇ ಆ 58 ಅಡಿ ಎದುರಿಗೆ ನಿಲ್ಲುತ್ತದೆ. ಸಾವಿರ ವರ್ಷದಿಂದ ನಿಂತವನ ಮುಂದೆ ನಮ್ಮ ಅರವತ್ತು ಲೆಕ್ಕಕ್ಕೇ ಬರುವುದಿಲ್ಲ, ಅದೊಂದು ಸಮಾಧಾನ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮಂಡಿ ಮಾತಾಡುವುದು ಆಗಲೇ. ಆಗದವರಿಗೆ ಡೋಲಿ ಇದೆ, ಅದರಲ್ಲಿ ಕೂತವರು ಯಾರಿಗೂ ಕಡಿಮೆಯಲ್ಲ.

ಪಟ್ಟಿಯ ತುಂಬ ಪ್ರಯಾಣವೇ ಇರಬೇಕೆಂದು ಯಾರು ಹೇಳಿದರು? ನನ್ನ ಪಟ್ಟಿಯ ಮೊದಲ ಸಾಲು ಈಜು. ನಮ್ಮ ಮನೆ ತುಂಗೆಯ ದಡದಲ್ಲೇ ಇತ್ತು. ಅಣ್ಣಂದಿರು ದಿನಾ ಹೊಳೆಗೆ ಹಾರುತ್ತಿದ್ದರು, ನಾವು ಹೆಣ್ಣುಮಕ್ಕಳು ಸೋಪಾನದ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದೆವು. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನಿವೃತ್ತಿಯ ಮೇಲೆ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಸೇರಿದೆ. ಮೈತುಂಬಾ ಮುಚ್ಚುವ ಈಜುಡುಪು ಸಿಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಲಿಸುವ ಹುಡುಗಿಗೆ ನನ್ನ ಕೊನೆಯ ಬ್ಯಾಚಿನ ವಿದ್ಯಾರ್ಥಿನಿಯರ ವಯಸ್ಸು. ಮೊದಲು ಅವಳು ಕಲಿಸಿದ್ದು ಉಸಿರು ಬಿಡುವುದನ್ನು: ಅಂಚಿನ ಕಂಬಿ ಹಿಡಿದು, ಮುಖ ನೀರಿಗಿಟ್ಟು, ಬಾಯಲ್ಲಿ ಗುಳುಗುಳು ಎಂದು ಗುಳ್ಳೆ ಬಿಡಬೇಕು. ಮೂಗಿಗೆ ಕ್ಲೋರಿನ್ ನೀರು ನುಗ್ಗಿ ನೆತ್ತಿಗೇರುತ್ತದೆ. ಪಕ್ಕದಲ್ಲಿ ಆರು ವರ್ಷದ ಪುಟ್ಟಿ ಮೀನಿನ ಹಾಗೆ ಓಡಾಡುತ್ತಿರುತ್ತಾಳೆ. ನನಗೆ ತೇಲುವುದು ಬಂದದ್ದು ನಿಧಾನವಾಗಿ. ಎದೆ ತುಂಬ ಗಾಳಿ ಇದ್ದರೆ ಮೇಲಿನ ಅರ್ಧ ತೇಲುತ್ತದೆ, ಕಾಲು ಮಾತ್ರ ಭಾರವಾಗಿ ಕೆಳಗಿಳಿಯುತ್ತದೆ, ಅದನ್ನು ಬಡಿಯುತ್ತಲೇ ಇರಬೇಕು. ಈಗ ಕೊಳದ ಅಗಲವನ್ನು ದಾಟುತ್ತೇನೆ. ಉದ್ದ ಇನ್ನೂ ದಾಟಿಲ್ಲ. ನೀರು ಮೈಭಾರ ಹೊರುವುದರಿಂದ ಮಂಡಿಗೂ ಒಳ್ಳೆಯದು ಎಂದರು ಡಾಕ್ಟರು. ಬಿಪಿ, ಹೃದಯ ತೋರಿಸಿಕೊಂಡೇ ನೀರಿಗಿಳಿದೆ. ನೀವೂ ಹಾಗೇ ಮಾಡಿ, ಇದರಲ್ಲಿ ಹುಂಬತನ ಬೇಡ.

ಅದೇ ಪಟ್ಟಿಯಲ್ಲಿ ವೀಣೆಯೂ ಇತ್ತು. ಬೆರಳು ಒಪ್ಪಲಿಲ್ಲ, ಗೆರೆ ಎಳೆದು ಹೊಡೆದುಹಾಕಿದೆ. ಪಟ್ಟಿ ಎಂದ ಮೇಲೆ ಹೊಡೆದುಹಾಕುವ ಹಕ್ಕೂ ಇರಬೇಕು. ನಲವತ್ತನೇ ವಯಸ್ಸಿನ ಆಸೆಯನ್ನು ಎಪ್ಪತ್ತರಲ್ಲಿ ತೀರಿಸಲೇಬೇಕೆಂಬ ಹಠ ಯಾಕೆ?

ಈಗ ಅಕ್ಕಂದಿರಿಗೆ ಪ್ರತ್ಯೇಕವಾಗಿ ಎರಡು ಮಾತು. ಗಂಡ ಹೆಂಡತಿ ಕೂತು ಒಂದೇ ಪಟ್ಟಿ ಮಾಡಿದರೆ ಅದು ಅವರ ಪಟ್ಟಿ, ನಿಮ್ಮ ಕೈಬರಹ. ನಾನು ಕಂಡದ್ದರಲ್ಲಿ ಹತ್ತಕ್ಕೆ ಒಂಬತ್ತು ಹೀಗೆಯೇ. ಬೇರೆ ಬೇರೆ ಹಾಳೆಯಲ್ಲಿ, ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆಯಿರಿ. ಮೊದಲ ದಿನ ಏನೂ ತೋಚುವುದಿಲ್ಲ. "ನನಗೇನು ಬೇಕಿದೆ, ಮಕ್ಕಳು ಚೆನ್ನಾಗಿದ್ದರೆ ಸಾಕು" ಎಂಬ ಸಾಲೇ ಬರುತ್ತದೆ. ಅದು ಹರಕೆ, ಪಟ್ಟಿಯಲ್ಲ. ಹಾಳೆ ಮಡಚಿಟ್ಟು ಮರುದಿನ ಮತ್ತೆ ಕೂರಿ.

ಮೈಸೂರಿನ ಕೃಷ್ಣಕುಮಾರ್ ಅವರ ಕಥೆ ನೀವು ಓದಿರುತ್ತೀರಿ. ಕೆಲಸ ಬಿಟ್ಟು, ಅಪ್ಪನ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿಯನ್ನು ಕೂರಿಸಿಕೊಂಡು 2018ರಲ್ಲಿ ಹೊರಟವರು; ದೇಶವೆಲ್ಲ ಸುತ್ತಿ ನೇಪಾಳ, ಭೂತಾನ್‌ಗಳಿಗೂ ಹೋಗಿಬಂದರು. ಎಲ್ಲರೂ ಮಗನನ್ನು ಹೊಗಳಿದರು, ಹೊಗಳಬೇಕಾದದ್ದೇ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಅದಕ್ಕೂ ಮುಂಚಿನ ಒಂದು ಸಂಗತಿ. ದೊಡ್ಡ ದೊಡ್ಡ ಕ್ಷೇತ್ರಗಳ ಹೆಸರು ಹೇಳಿ ಮಗ ನೋಡಿದ್ದೀಯಾ ಎಂದು ಕೇಳಿದಾಗ, ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂದರಂತೆ ಆ ತಾಯಿ. ಮೈಸೂರಿನಿಂದ ಬೇಲೂರಿಗೆ ಅರ್ಧ ದಿನದ ದಾರಿ. ಕೂಡು ಕುಟುಂಬದ ಅಡುಗೆಮನೆಯಿಂದ ಅದು ಅಷ್ಟು ದೂರವಿತ್ತು. ಮಗ ಕೇಳಿದ್ದರಿಂದ ಗೊತ್ತಾಯಿತು. ನಿಮ್ಮನ್ನು ಯಾರೂ ಕೇಳಿಲ್ಲವಾದರೆ ನೀವಾಗಿಯೇ ಹೇಳಿ. ಹೇಳಿಕೊಳ್ಳಲೂ ಯಾರೂ ಇಲ್ಲವಾದರೆ ನೀವೇ ಹೊರಡಿ.

ಹೊರಡಲು ಈಗ ಮೊದಲಿನಷ್ಟು ಕಷ್ಟವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಿಟ್ಟಿ ಬಸ್ಸೆಂದು ಮೂಗು ಮುರಿಯುವವರು ಮುರಿಯಲಿ. ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ ಜೀವನದಲ್ಲಿ ಮೊದಲ ಸಲ ಧರ್ಮಸ್ಥಳಕ್ಕೆ ಹೋಗಿಬಂದೆ ಎಂದ ಹೆಂಗಸೊಬ್ಬಳು ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು ಶಿವಮೊಗ್ಗದಿಂದ ಸಾಗರ, ಸಾಗರದಿಂದ ಜೋಗ: ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರಬಹುದು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಜೋಗಕ್ಕೆ ಮಳೆಗಾಲವೇ ಕಾಲ, ಬೇಸಗೆಯಲ್ಲಿ ಹೋಗಿ ಬಂಡೆ ನೋಡಿಕೊಂಡು ಬರಬೇಡಿ. ತಳಕ್ಕಿಳಿಯುವ ಸಾವಿರದ ನಾನ್ನೂರು ಮೆಟ್ಟಿಲ ಆಸೆ ನಮ್ಮ ವಯಸ್ಸಿಗೆ ಬೇಡ. ಮೇಲಿನಿಂದ ನೋಡಿದರೂ ಅದು ಜೋಗವೇ. ಅಣ್ಣಂದಿರಿಗೂ ಸರ್ಕಾರಿ ಬಸ್ಸಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಇದೆ. ರೈಲಿನ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಹೋಯಿತು, ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಆದರೆ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳ ಬರ್ತಿನ ಕೋಟಾ ಉಳಿದಿದೆ. ಟಿಕೆಟ್ ಮಾಡುವಾಗ ಅದನ್ನು ಆರಿಸಿಕೊಳ್ಳಲು ಮಕ್ಕಳಿಗೆ ನೆನಪಿಸಿ, ಇಲ್ಲದಿದ್ದರೆ ಅವರು ಅವಸರದಲ್ಲಿ ಮೇಲಿನ ಬರ್ತು ಹತ್ತಿಸಿಬಿಡುತ್ತಾರೆ.

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿದ್ದು ಬಂದ ಅಕ್ಕಂದಿರು ನನಗೆ ಬಹಳ ಮಂದಿ ಗೊತ್ತು. ನೋಡಿದ್ದೇನು ಎಂದರೆ ಡಿಶ್‌ವಾಷರ್, ಕಾಸ್ಟ್‌ಕೊ, ಒಂದು ಶನಿವಾರ ನಯಾಗರ. ಮಗುವನ್ನು ಎತ್ತಿ ಆಡಿಸಿದ ಸುಖ ಸಣ್ಣದಲ್ಲ, ಒಪ್ಪಿದೆ. ಆದರೆ ಅಷ್ಟು ದೂರ ಹೋದ ಮೇಲೆ ಒಂದು ವಾರವನ್ನು ನಿಮ್ಮದೆಂದು ಕೇಳಿಕೊಳ್ಳಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕ ನೋಡಿದ್ದೂ ಎಪ್ಪತ್ತರ ಆಸುಪಾಸಿನಲ್ಲೇ. ಹಾಸನದ ಹಳ್ಳಿಯ ಕಣ್ಣಿಟ್ಟುಕೊಂಡು ಆ ದೇಶ ಸುತ್ತಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಾವು ಪ್ರಶಸ್ತಿಗೆ ಬರೆಯಬೇಕಿಲ್ಲ. ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಟ್ಟರೂ ಮೊಮ್ಮಕ್ಕಳು ಮುಂದೆ ಓದುತ್ತಾರೆ.

ದುಡ್ಡು? ಆ ಪ್ರಶ್ನೆ ಬಂದೇ ಬರುತ್ತದೆ. ಕೊಚ್ಚಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ವಿಜಯನ್–ಮೋಹನಾ ದಂಪತಿ ದಿನದ ಗಳಿಕೆಯಲ್ಲಿ 300 ರೂಪಾಯಿ ಎತ್ತಿಟ್ಟು, ಸಾಲದ್ದಕ್ಕೆ ಸಾಲ ಮಾಡಿ, ತೀರಿಸಿ, ಮತ್ತೆ ಹೊರಟು ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿದರು. 2021ರಲ್ಲಿ ರಷ್ಯಾಕ್ಕೆ ಹೋಗಿಬಂದ ಮರು ತಿಂಗಳೇ ವಿಜಯನ್ ತೀರಿಕೊಂಡರು. ನಮ್ಮ ವಯಸ್ಸಿನಲ್ಲಿ ಸಾಲ ಮಾಡಿ ಎಂದು ನಾನು ಹೇಳಲಾರೆ. ಎತ್ತಿಡುವುದನ್ನು ಮಾತ್ರ ಕಲಿಯೋಣ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ದುಡ್ಡಿಟ್ಟವರಿಗೆ ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ವರ್ಷದಲ್ಲಿ ಅಂಥ ನಾಲ್ಕು ಬಡ್ಡಿಯಲ್ಲಿ ಒಂದನ್ನು ಪಟ್ಟಿಯ ಬಾಬ್ತಿಗೆ ಬರೆದುಬಿಡಿ. ಮಗ ಕಾರು ಬದಲಾಯಿಸುತ್ತಾನೆಂದು ಆ ದುಡ್ಡು ತೆಗೆದುಕೊಡಬೇಡಿ. ಕೊಟ್ಟರೆ ಅವನೇನೂ ಬೇಡ ಅನ್ನುವುದಿಲ್ಲ, ಅದೇ ಕಷ್ಟ.

ಇನ್ನು ಕಣ್ಣಿನ ಕೆಲಸ, ಕಿವಿಯ ಕೆಲಸ. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಪಟ್ಟಿಯ ಎಲ್ಲಕ್ಕಿಂತ ಮೇಲಿರಲಿ. ಬೇಲೂರಿನ ಮದನಿಕೆಯರನ್ನು ಮಂಜಿನಲ್ಲಿ ನೋಡಿ ಬಂದು ಏನು ಪ್ರಯೋಜನ? ನನ್ನ ಪಟ್ಟಿಯಲ್ಲಿ ಗದುಗಿನ ಭಾರತ ಇದೆ. ಹತ್ತು ಪರ್ವ, ಎಂಟು ಸಾವಿರಕ್ಕೂ ಮಿಕ್ಕಿದ ಷಟ್ಪದಿ. ಪಾಠ ಮಾಡುತ್ತಿದ್ದಾಗ ಪಠ್ಯದಲ್ಲಿದ್ದ ತುಣುಕುಗಳಾಚೆ ಹೋಗಲು ಪುರುಸೊತ್ತಿರಲಿಲ್ಲ. ದಿನಕ್ಕೆ ಇಪ್ಪತ್ತೈದು ಪದ್ಯ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಗದಗಿನ ವೀರನಾರಾಯಣ ಗುಡಿಗೆ ಹೋಗಿ, ಕುಮಾರವ್ಯಾಸ ಕೂತು ಬರೆದನೆಂದು ಊರವರು ತೋರಿಸುವ ಕಂಬದ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ಕಣ್ಣೂ ಕೈಕೊಟ್ಟರೆ ಕಿವಿಗೆ ಗಮಕ ಇದೆ. ತುಂಗೆಯಾಚೆ ಹೊಸಹಳ್ಳಿ ಅದಕ್ಕೇ ಹೆಸರಾದ ಊರು. ಓದಬೇಕೆನ್ನುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಬಾಗಿಲಿನಲ್ಲಿ ಯಾರೂ ನಿಮ್ಮ ತಲೆಗೂದಲ ಬಣ್ಣ ನೋಡುವುದಿಲ್ಲ. ಸ್ಕೂಟರ್ ಕಲಿಯಬೇಕೆನ್ನುವವರಿಗೂ ಲೈಸೆನ್ಸಿಗೆ ವಯಸ್ಸಿನ ಮೇಲ್ಮಿತಿ ಇಲ್ಲ, ವೈದ್ಯರ ಪ್ರಮಾಣಪತ್ರ ಬೇಕು. 55 ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಅಷ್ಟೇ.

ಒಂದು ಸಾಲನ್ನು ಮನುಷ್ಯರಿಗಾಗಿ ಬಿಟ್ಟಿಡಿ. ಮಾತು ಬಿಟ್ಟ ತಮ್ಮ, ವರ್ಗಾವಣೆಯಾದ ಮೇಲೆ ಸುದ್ದಿಯೇ ಇಲ್ಲದ ಗೆಳತಿ, ಮೊದಲ ಕೆಲಸಕ್ಕೆ ಸೇರಿದ ಊರಲ್ಲಿ ಊಟ ಹಾಕಿದ ಮನೆಯವರು. ಇದಕ್ಕೆ ನಮ್ಮ ಮಂಡಿ ಗಟ್ಟಿಯಿದ್ದರೆ ಸಾಲದು, ಅವರೂ ಇರಬೇಕು. ಆದ್ದರಿಂದ ಇದು ಎಲ್ಲಕ್ಕಿಂತ ಅವಸರದ ಸಾಲು.

ಮಕ್ಕಳು ಗಾಬರಿಯಾಗುತ್ತಾರೆ. "ಈ ವಯಸ್ಸಲ್ಲಿ ಒಬ್ಬಳೇ ಎಲ್ಲಿಗಮ್ಮ?" ಅನ್ನುತ್ತಾರೆ. ಅವರ ಕಾಳಜಿಗೆ ಬೆಲೆ ಕೊಡಿ: ಎಲ್ಲಿಗೆ, ಯಾವ ಬಸ್ಸು, ಯಾವಾಗ ವಾಪಸ್ಸು ಎಂದು ಹೇಳಿ, ಮಾತ್ರೆ ಡಬ್ಬಿ ತೋರಿಸಿ, ರಾತ್ರಿ ಫೋನ್ ಮಾಡಿ. ಅನುಮತಿ ಕೇಳಬೇಡಿ, ತಿಳಿಸಿ. ಮೊಮ್ಮಗನನ್ನು ನೋಡಿಕೊಳ್ಳುವ ದಿನಗಳ ನಡುವೆ ವರ್ಷಕ್ಕೆ ಒಂದೆರಡು ವಾರ ನಿಮಗೆ ರಜೆ ಎಂದು ಈಗಲೇ ಹೇಳಿಬಿಡಿ. ಆಫೀಸಿನಲ್ಲಿ ಅವರು ರಜೆ ಬರೆದುಕೊಡುವುದಿಲ್ಲವೇ, ಹಾಗೆ.

ನನ್ನ ಬೇಡಿಕೆ ದೊಡ್ಡದಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ ಒಂದು ಹಾಳೆ ತೆಗೆದುಕೊಳ್ಳಿ. ಹತ್ತು ಸಾಲು ಸಾಕು. ಪ್ರತಿ ಸಾಲಿನ ಮುಂದೆ ಮಂಡಿ, ಕಣ್ಣು, ಕಿವಿ ಎಂದು ಗುರುತು ಹಾಕಿ. ಮಂಡಿ ಎಂದು ಬರೆದಿದ್ದರಲ್ಲಿ ಅತಿ ಹತ್ತಿರದ್ದು, ಅತಿ ಅಗ್ಗದ್ದು ಯಾವುದೋ ಅದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ, ಮೂರು ತಿಂಗಳೊಳಗಿನ ಒಂದು ತಾರೀಖಿಗೆ ಸುತ್ತು ಹಾಕಿ. ಆ ದಿನ ಯಾರದಾದರೂ ಮನೆಯ ಗೃಹಪ್ರವೇಶ ಬರುತ್ತದೆ, ಬಂದೇ ಬರುತ್ತದೆ. ಉಡುಗೊರೆ ಮುಂಚೆಯೇ ಕಳಿಸಿಕೊಟ್ಟು, ನೀವು ಹೊರಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ
ಶಿವಮೊಗ್ಗ